ಕಿವಿಗೂ ಸದ್ದಿಗೂ ನಡುವಿನ ಸ್ಪಂಜು

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕಿವಿ ಪರೀಕ್ಷೆ ಮಾಡಿಸಿಕೊಂಡವರಿಗೆ ಆ ಪುಟ್ಟ ಕೋಣೆ ನೆನಪಿರುತ್ತದೆ. ಸದ್ದು ನುಗ್ಗದ ಗೋಡೆ, ಗಾಜಿನ ಕಿಟಕಿ, ತಲೆಯನ್ನು ಒತ್ತಿ ಹಿಡಿಯುವ ಹೆಡ್‌ಫೋನು. ಸಣ್ಣಗೆ ‘ಕುಂಯ್’ ಎಂದು ಕೇಳಿಸಿದರೂ ಸನ್ನೆ ಮಾಡಬೇಕು. ಇಂಥ ಹೆಡ್‌ಫೋನುಗಳಲ್ಲಿ ಬಹುಕಾಲ ಕಿವಿಗೆ ತಾಗುತ್ತಿದ್ದದ್ದು ಕಪ್ಪು ರಬ್ಬರಿನ ಒಂದು ಬಳೆ. ನಲ್ಲಿಯ ವಾಷರನ್ನು ದೊಡ್ಡದು ಮಾಡಿದಂತಿರುವ ಅದಕ್ಕೆ ಎಂಎಕ್ಸ್-41/ಎಆರ್ ಎಂಬ ಗಡುಸು ಹೆಸರು. ಶ್ರವಣ ವಿಜ್ಞಾನದ ಪ್ರಬಂಧಗಳಲ್ಲಿ ಟಿಡಿಎಚ್-39 ಎಂಬ ಇಯರ್‌ಫೋನಿನ ಹೆಸರು ಬಂದರೆ ಹಿಂದೆಯೇ ಈ ಬಳೆಯ ಹೆಸರೂ ಬರುತ್ತದೆ, ಮದುವೆ ಕರೆಯೋಲೆಯಲ್ಲಿ ಗಂಡುಹೆಣ್ಣಿನ ಹೆಸರು ಬಂದಂತೆ.

ಒಂದು ರಬ್ಬರ್ ಬಳೆಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ಯುದ್ಧದಿಂದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಮಾನ ಚಾಲಕರ ಶಿರಸ್ತ್ರಾಣದೊಳಗೆ ಇದ್ದದ್ದು ಇದೇ ಬಳೆ. ಯುದ್ಧ ಮುಗಿದ ಮೇಲೆ ಅದು ಆಸ್ಪತ್ರೆ ಸೇರಿತು. 1969ರಲ್ಲಿ ಅಮೆರಿಕದ ಆಡಿಯೋಮೀಟರ್ (ಕಿವಿ ಪರೀಕ್ಷಿಸುವ ಯಂತ್ರ) ಮಾನದಂಡ ಬರೆದವರು, ಸರಿಯಾಗಿ ಕೇಳಿಸುವ ಕಿವಿಯ ‘ಸೊನ್ನೆ’ ಯಾವುದೆಂದು ಹೇಳುವಾಗ ಇಯರ್‌ಫೋನಿನ ಜೊತೆ ಅದರ ಮೆತ್ತೆಯಾದ ಈ ಬಳೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರು. 6 ಘನ ಸೆಂಟಿಮೀಟರ್ ಗಾಳಿ ಹಿಡಿಯುವ ಲೋಹದ ಪೊಳ್ಳಿನ ಮೇಲೆ ಆ ಜೋಡಿಯನ್ನು ಕೂರಿಸಿ ಅಳೆದ ಅಂಕಿಗಳವು. ಬಳೆ ಬದಲಾದರೆ ಅಂಕಿ ಬದಲಾಗುತ್ತದೆ. ಸಂಗೀತ ಕೇಳುವವರು ಇಯರ್ ಪ್ಯಾಡನ್ನು ದಿಂಬಿನ ಜಾತಿಗೆ ಸೇರಿಸಿದ್ದ ಕಾಲದಲ್ಲೇ ಶ್ರವಣ ತಜ್ಞರು ಅದನ್ನು ಯಂತ್ರದ ಭಾಗವೆಂದು ಮಾನದಂಡದಲ್ಲಿ ಬರೆದಿಟ್ಟಿದ್ದರು.

ಅದಕ್ಕೂ ಮೊದಲಿನ ಕಥೆ ಬಹುಮಟ್ಟಿಗೆ ಬರಿಗಿವಿಯದು. ಫ್ರಾನ್ಸಿನ ಅರ್ನೆಸ್ಟ್ ಮರ್ಕಾಡಿಯೆ 1891ರಲ್ಲಿ ಪೇಟೆಂಟ್ ಪಡೆದ, ಕಿವಿಯೊಳಗೆ ಸಿಕ್ಕಿಸುವ ಟೆಲಿಫೋನಿಗೆ ರಬ್ಬರ್ ಟೋಪಿಯಿತ್ತು: ಕಿವಿ ಉಜ್ಜದಿರಲಿ, ಹೊರಗಿನ ಸದ್ದು ಬಾರದಿರಲಿ ಎಂದು. ಆದರೆ 1910ರಲ್ಲಿ ಯೂಟಾದ ನಥಾನಿಯಲ್ ಬಾಲ್ಡ್‌ವಿನ್ ಅಡುಗೆಮನೆಯಲ್ಲೇ ಜೋಡಿಸಿ ಅಮೆರಿಕದ ನೌಕಾಪಡೆಗೆ ಮಾರಿದ ಹೆಡ್‌ಫೋನಿನಲ್ಲಿ ಆ ಕನಿಕರವೂ ಇರಲಿಲ್ಲ. ಗಟ್ಟಿ ಬಿಲ್ಲೆಗಳು ನೇರವಾಗಿ ಕಿವಿಯ ಮೇಲೆ ಕೂರುತ್ತಿದ್ದವು. ನಿಸ್ತಂತು ಸಂದೇಶ ಕೇಳುವವನಿಗೆ ಟಕ್ ಟಕ್ ಸಾಕು, ಬಾಸ್ ಯಾರಿಗೆ ಬೇಕಿತ್ತು?

ಬಾಸ್ ಬೇಕೆಂದಾಗಲೇ ಮೆತ್ತೆಯ ಗುಟ್ಟು ಹೊರಬಿದ್ದದ್ದು. ಮುಚ್ಚಿದ ಹೆಡ್‌ಫೋನಿನಲ್ಲಿ ತಗ್ಗಿನ ಸ್ವರ ನಿಲ್ಲುವುದು ಡಯಾಫ್ರಮ್ ಎಂಬ ಕಂಪಿಸುವ ಪೊರೆಗೂ ಕಿವಿಯ ತಮಟೆಗೂ ನಡುವೆ ಸಿಕ್ಕಿಬಿದ್ದ ಗಾಳಿಯ ಬಲದ ಮೇಲೆ. ಕನ್ನಡಕದ ಕಡ್ಡಿಯೊಂದು ಮೆತ್ತೆಯನ್ನು ಎತ್ತಿ ಹಿಡಿದರೂ ಸಾಕು, ಗಾಳಿ ಸೋರಿ ಬಾಸ್ ಇಳಿಯುತ್ತದೆ. ಚರ್ಮದ ಹೊದಿಕೆ ಗಾಳಿಯನ್ನು ತಡೆಯುತ್ತದೆ, ಮಖಮಲ್ಲು ಸೋರಗೊಡುತ್ತದೆ. ಮೆತ್ತೆ ದಪ್ಪವಾದರೆ ಸ್ಪೀಕರು ಕಿವಿಯಿಂದ ದೂರ ಸರಿದು, ಒಳಗಿನ ಪೊಳ್ಳು ಹಿಗ್ಗಿ, ಮೇಲಿನ ಸ್ವರಗಳ ಏರಿಳಿತ ಜಾಗ ಬದಲಿಸುತ್ತದೆ. ನಮ್ಮವರಿಗೆ ಇದು ಹೊಸತಲ್ಲ. ಮೃದಂಗದ ಎಡಮುಖಕ್ಕೆ ಅಂಟಿಸುವ ರವೆಯ ಕಣಕ ಒಂದಿಷ್ಟು ಹೆಚ್ಚುಕಡಿಮೆಯಾದರೆ ಗುಂಕಾರ ಏನಾಗುತ್ತದೆಂದು ಪಕ್ಕವಾದ್ಯದವರನ್ನು ಕೇಳಬೇಕು.

ಸೋರಿಕೆ ತಡೆಯುವ ಚೆಂದದ ಉಪಾಯ ಬಂದದ್ದು ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಿಂದ. ಅಲ್ಲಿನ ಇ.ಎ.ಜಿ. ಶಾ ಮತ್ತು ಜಿ.ಜೆ. ಥೀಸನ್ ಗದ್ದಲದಿಂದ ಕಿವಿ ಕಾಯುವ ಸಾಧನಕ್ಕಾಗಿ ದ್ರವ ತುಂಬಿದ ಮೆತ್ತೆಯನ್ನು ರೂಪಿಸಿ 1958ರಲ್ಲಿ ಪ್ರಬಂಧ ಪ್ರಕಟಿಸಿದರು. ದವಡೆಯ ಉಬ್ಬು, ಕಿವಿಯ ಹಿಂದಿನ ತಗ್ಗು, ಎಲ್ಲದಕ್ಕೂ ದ್ರವ ತಾನಾಗಿ ಹೊಂದಿಕೊಳ್ಳುತ್ತದೆ. ಅದೇ ವರ್ಷ ಮಿಲ್ವಾಕಿಯಲ್ಲಿ ಜಾನ್ ಕಾಸ್ ಸಂಗೀತಕ್ಕೆಂದೇ ಮಾಡಿದ ಸ್ಟೀರಿಯೊ ಹೆಡ್‌ಫೋನ್ ತೋರಿಸಿದ್ದು. ಮುಂದೆ ಕಾಸ್ ಕಂಪನಿಯ ಪ್ರೊ-4ಎಎ ದ್ರವದ ಮೆತ್ತೆಯನ್ನೇ ಹೊತ್ತು ರೇಡಿಯೊ ನಿಲಯಗಳಿಗೆ ನಡೆಯಿತು. ತೂಕ ಮಾತ್ರ ಕೇಳಬೇಡಿ.

1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಈ ಶಾಸ್ತ್ರವನ್ನೇ ತಿರುವಿ ಹಾಕಿತು. ಅದರ ಎಚ್‌ಡಿ 414 ಗಾಳಿಯನ್ನು ಕಟ್ಟಿಹಾಕಲಿಲ್ಲ, ಹೋಗಿ ಬರಲು ಬಿಟ್ಟಿತು. ಹಗುರವಾದ ಚಿಪ್ಪು, ಅದರ ಮೇಲೆ ಚಪ್ಪಟೆಯಾದ ಹಳದಿ ಸ್ಪಂಜು. ಒಂದು ಕೋಟಿಗೂ ಹೆಚ್ಚು ಮಾರಾಟವಾದ ಈ ಹೆಡ್‌ಫೋನಿನ ಗುರುತೇ ಆ ಹಳದಿಯಾಯಿತು. 1979ರ ಜುಲೈಯಲ್ಲಿ ಸೋನಿಯ ವಾಕ್‌ಮನ್ ಬಂದಾಗ ಅದರ ಹೆಡ್‌ಫೋನು ಸುಮಾರು 50 ಗ್ರಾಂ. ಆವರೆಗಿನವುಗಳಲ್ಲಿ ಬಹಳಷ್ಟು 300–400 ಗ್ರಾಂ ತೂಗುತ್ತಿದ್ದವು. ಇಲ್ಲೂ ಕಿವಿಗೆ ತಾಗಿದ್ದು ಸ್ಪಂಜೇ. ‘ಸ್ಪಂಜು ಹೋಗಿದೆ, ಬೇರೆ ಇದೆಯಾ?’ ಎಂದು ಕ್ಯಾಸೆಟ್ ಅಂಗಡಿಯಲ್ಲಿ ಕೇಳಿದವರಿಗೆ ಇಯರ್ ಪ್ಯಾಡ್ ಎಂಬ ಪದ ಬೇಕಾಗಿರಲಿಲ್ಲ.

ಹಳದಿ ಸ್ಪಂಜಿನ ಎರಡನೆಯ ಜನ್ಮ ಇನ್ನೂ ಸ್ವಾರಸ್ಯದ್ದು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ತಯಾರಾಗುವ ಗ್ರಾಡೊ ಹೆಡ್‌ಫೋನುಗಳಿಗೆ ಚಪ್ಪಟೆ, ಬಟ್ಟಲು, ದೊಡ್ಡ ಬಟ್ಟಲು ಹೀಗೆ ಬಗೆಬಗೆಯ ಸ್ಪಂಜುಗಳಿವೆ. ಒಂದರ ಬದಲು ಇನ್ನೊಂದು ಹಾಕಿದರೆ ಬೇರೆಯೇ ಹೆಡ್‌ಫೋನ್ ತೊಟ್ಟಂತೆ. ಅದೂ ಸಾಲದೆಂದು ಅದರ ಅಭಿಮಾನಿಗಳು ಸೆನ್‌ಹೈಸರಿನ ಹಳದಿ ಸ್ಪಂಜು ತಂದು, ನಡುವೆ ಅಮೆರಿಕದ ಕ್ವಾರ್ಟರ್ ನಾಣ್ಯವಿಟ್ಟು, ಸುತ್ತ ಗೆರೆ ಎಳೆದು, ಕತ್ತರಿಯಿಂದ ತೂತು ಕೊರೆದರು. ನಾಣ್ಯದ ಅಡ್ಡಳತೆ ಸುಮಾರು 24 ಮಿಲಿಮೀಟರ್, ಹೆಚ್ಚುಕಡಿಮೆ ನಮ್ಮ ಹಳೆಯ ಒಂದು ರೂಪಾಯಿಯ ಸ್ಟೀಲ್ ನಾಣ್ಯದಷ್ಟು. ತೂತಿಲ್ಲದಿದ್ದರೆ ಸ್ಪಂಜು ಮೇಲಿನ ಸ್ವರಗಳನ್ನು ನುಂಗುತ್ತದೆ. ತೂತಿದ್ದರೆ ಅವು ನೇರ ಕಿವಿಗೆ.

ಈಗಿನ ಮೆತ್ತೆಗಳಲ್ಲಿ ಬಹಳಷ್ಟಕ್ಕೆ ಪಾಲಿಯುರೆಥೇನಿನ ಕೃತಕ ಚರ್ಮದ ಹೊದಿಕೆ. ಗಾಳಿಯ ತೇವವೇ ಅದರ ಶತ್ರು. ಮಂಗಳೂರಿನ ಸೆಕೆಯಲ್ಲಿ ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಕರಿ ಹೊಪ್ಪಳೆ ಎದ್ದು ಕಿವಿ, ಕೆನ್ನೆ, ಅಂಗಿಯ ಕಾಲರಿಗೆಲ್ಲ ಅಂಟುತ್ತದೆ. ಸ್ಪೀಕರಿಗೆ ಏನೂ ಆಗಿರುವುದಿಲ್ಲ. ಅಂಥ ಹೆಡ್‌ಫೋನನ್ನು ಎಸೆಯುವ ಮುಂಚೆ ಮಾದರಿಯ ಹೆಸರು ಹೇಳಿ ಹೊಸ ಪ್ಯಾಡ್ ಕೇಳಿ. ಹಳೆಯ ಸದ್ದೇ ಬೇಕಿದ್ದರೆ ಅದೇ ದಪ್ಪ, ಅದೇ ಒಳಗಂಡಿ, ಅದೇ ಹೊದಿಕೆ ಇರಲಿ. ತಂಪಾಗಿರುತ್ತದೆಂದು ಮಖಮಲ್ಲಿನದು ಹಾಕಿಸಿಕೊಂಡು ಆಮೇಲೆ ಬಾಸ್ ಎಲ್ಲಿ ಹೋಯಿತೆಂದು ಅಂಗಡಿಯವನನ್ನು ಬೈಯಬೇಡಿ.