ಕ್ರೀಡಾ ದಿನಚರಿ: ಕಡಲತೀರದ ಕ್ರೀಡಾಪಟುಗಳಿಗೆ ಮಾಹಿತಿ

ಪೀಠಿಕೆ

ಕಾರವಾರ ತಾಲ್ಲೂಕಿನ ಚಿತ್ತಾಕುಲ ಗ್ರಾಮವು ಕಾಳಿ ನದಿಯ ಉತ್ತರ ದಂಡೆಯ ಮೇಲೆ, ಸದಾಶಿವಗಡಕ್ಕೆ ಹೊಂದಿಕೊಂಡಿದೆ. ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಇಂತಹ ಕರಾವಳಿ ಗ್ರಾಮಗಳ ಯುವಜನರಿಗೆ ಕಡಲತೀರವೇ ಬಹುಮಟ್ಟಿಗೆ ಅಭ್ಯಾಸದ ಅಂಗಳ. ಶಾಲಾ ಕ್ರೀಡಾಕೂಟಗಳಿಗೂ ಪೊಲೀಸ್ ಹಾಗೂ ಸೇನಾ ನೇಮಕಾತಿಯ ಓಟಕ್ಕೂ ಸಿದ್ಧತೆ ನಡೆಸುವವರಲ್ಲಿ ಹಲವರಿಗೆ ಪ್ರತಿದಿನ ಜೊತೆಗಿದ್ದು ನೋಡುವ ತರಬೇತುದಾರರು ಇರುವುದಿಲ್ಲ. ಇಂತಹವರು ಅಲ್ಪ ವೆಚ್ಚದಲ್ಲಿ ತಮ್ಮ ಸಾಧನೆಯನ್ನು ತಾವೇ ಅಳೆದು ತಿದ್ದಿಕೊಳ್ಳಲು ಕ್ರೀಡಾ ದಿನಚರಿ ನೆರವಾಗುತ್ತದೆ. ಅದನ್ನು ಬರೆಯುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ದಿನಚರಿಯ ಅಗತ್ಯ

ಕ್ರೀಡೆಯಲ್ಲಿ ಬರವಣಿಗೆ ಹೊಸದೇನಲ್ಲ. ಕ್ರಿಕೆಟ್‌ನಲ್ಲಿ ಪ್ರತಿ ಎಸೆತಕ್ಕೂ ಸ್ಕೋರ್ ಪುಸ್ತಕದಲ್ಲಿ ಒಂದು ಗುರುತು ಇರುತ್ತದೆ. ಶಾಸ್ತ್ರೀಯ ಮಾದರಿಯ ಚದುರಂಗ ಪಂದ್ಯಗಳಲ್ಲಿ ಆಟಗಾರರು ನಡೆಗಳನ್ನು ಬರೆದುಕೊಳ್ಳುವುದು ನಿಯಮದಂತೆ ಕಡ್ಡಾಯ. ಆದರೆ ಓಟ, ಎಸೆತ, ಕಬಡ್ಡಿ, ವಾಲಿಬಾಲ್ ಅಭ್ಯಾಸಗಳಲ್ಲಿ ಬಹುತೇಕರು ನೆನಪನ್ನೇ ನೆಚ್ಚಿಕೊಂಡಿರುತ್ತಾರೆ. ನೆನಪು ಉತ್ತಮ ದಿನಗಳನ್ನು ಉಳಿಸಿಕೊಂಡು ಉಳಿದವನ್ನು ಬಿಟ್ಟುಬಿಡುತ್ತದೆ.

ಉತ್ತರ ಕನ್ನಡ ಜಿಲ್ಲೆಯವರಾದ ಕಾಶಿನಾಥ ನಾಯ್ಕ ಅವರು 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಜಾವೆಲಿನ್ ಎಸೆತದಲ್ಲಿ 74.29 ಮೀಟರ್ ದೂರ ಎಸೆದು ಕಂಚಿನ ಪದಕ ಗಳಿಸಿದರು. ಸೆಂಟಿಮೀಟರ್ ಲೆಕ್ಕದಲ್ಲಿ ಸ್ಥಾನ ನಿರ್ಧಾರವಾಗುವ ಇಂತಹ ಸ್ಪರ್ಧೆಗಳಿಗೆ ಸಿದ್ಧರಾಗುವವರ ಅಭ್ಯಾಸವೂ ಅಂಕಿಗಳಲ್ಲಿ ದಾಖಲಾಗುವುದು ಸೂಕ್ತ.

ನಮೂದಿಸಬೇಕಾದ ಅಂಶಗಳು

ಇನ್ನೂರು ಪುಟಗಳ ಸಾಮಾನ್ಯ ನೋಟ್‌ಪುಸ್ತಕ, ಪೆನ್ನು, ಸ್ಟಾಪ್‌ವಾಚ್ ಸೌಲಭ್ಯವಿರುವ ಗಡಿಯಾರ ಅಥವಾ ಮೊಬೈಲ್ ಇದ್ದರೆ ಸಾಕು. ಪ್ರತಿದಿನ ಈ ಕೆಳಕಂಡ ಅಂಶಗಳನ್ನು ಬರೆಯಬೇಕು.

1. ದಿನಾಂಕ, ತಿಥಿ, ಆರಂಭಿಸಿದ ವೇಳೆ ಮತ್ತು ಸ್ಥಳ.
2. ಹಿಂದಿನ ರಾತ್ರಿಯ ನಿದ್ರೆಯ ಅವಧಿ. ಹಾಸಿಗೆಯಿಂದ ಏಳುವ ಮೊದಲು ಒಂದು ನಿಮಿಷದ ನಾಡಿಬಡಿತ.
3. ಮಾಡಿದ ಅಭ್ಯಾಸ: ದೂರ, ಸಮಯ, ಸುತ್ತುಗಳು, ನಡುವಿನ ವಿಶ್ರಾಂತಿ.
4. ಶ್ರಮದ ಅಂಕ: 0ಯಿಂದ 10ರವರೆಗೆ. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನರ್ ಬೋರ್ಗ್ ರೂಪಿಸಿದ ಅಳತೆಪಟ್ಟಿಯನ್ನು ಆಧರಿಸಿದ ಕ್ರಮವಿದು. ಈ ಅಂಕವನ್ನು ಅಭ್ಯಾಸದ ನಿಮಿಷಗಳಿಂದ ಗುಣಿಸಿದರೆ ದಿನದ ಹೊರೆ ದೊರೆಯುತ್ತದೆ. 40 ನಿಮಿಷದ ಅಭ್ಯಾಸಕ್ಕೆ ಅಂಕ 6 ಆಗಿದ್ದರೆ ಹೊರೆ 240.
5. ಅಭ್ಯಾಸದ ಮೊದಲಿನ ಮತ್ತು ನಂತರದ ದೇಹತೂಕ. ಕರಾವಳಿಯ ತೇವಭರಿತ ಸೆಕೆಯಲ್ಲಿ ಬೆವರು ಹೆಚ್ಚು. 60 ಕಿ.ಗ್ರಾಂ. ತೂಕದವರಿಗೆ 1.2 ಕಿ.ಗ್ರಾಂ.ಗಿಂತ ಹೆಚ್ಚು, ಅಂದರೆ ಶೇಕಡ 2ನ್ನು ಮೀರಿ ತೂಕ ಇಳಿದಿದ್ದರೆ ನೀರು ಸಾಲದೆಂದು ತಿಳಿಯಬೇಕು.
6. ನೋವಿದ್ದಲ್ಲಿ ಅದು ಇರುವ ಜಾಗ ಮತ್ತು ಆರಂಭವಾದ ದಿನ.
7. ಒಂದು ಸಾಲಿನ ಷರಾ.

ತಂಡ ಕ್ರೀಡೆಗಳವರು ಮೂರನೆಯ ಅಂಶವನ್ನು ತಮ್ಮ ಆಟಕ್ಕೆ ಹೊಂದಿಸಿಕೊಳ್ಳಬಹುದು. ಕಬಡ್ಡಿಯಲ್ಲಿ ಅಂಕ ತಂದ, ಬರಿಗೈಯಲ್ಲಿ ಮರಳಿದ ಮತ್ತು ಸಿಕ್ಕಿಬಿದ್ದ ರೈಡ್‌ಗಳ ಸಂಖ್ಯೆ, ವಾಲಿಬಾಲ್‌ನಲ್ಲಿ ಸರಿಯಾದ ಹಾಗೂ ತಪ್ಪಿದ ಸರ್ವ್‌ಗಳು, ಖೋ-ಖೋದಲ್ಲಿ ಸಿಗದೆ ಉಳಿದ ಸಮಯ ಇವು ಮುಖ್ಯ.

ಉಬ್ಬರ-ಇಳಿತ ಮತ್ತು ಓಟದ ಸಮಯ

ಕಡಲತೀರದ ಓಟಗಾರರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇದು. ಸಮುದ್ರ ಇಳಿದಾಗ ಹಸಿ ಮರಳು ಗಟ್ಟಿಯಾಗಿದ್ದು ಓಟ ಸಲೀಸಾಗುತ್ತದೆ. ಉಬ್ಬರದಲ್ಲಿ ಆ ಪಟ್ಟಿ ಮುಳುಗಿ, ಮೇಲ್ಭಾಗದ ಸಡಿಲ ಮರಳಿನಲ್ಲಿ ಓಡಬೇಕಾಗುತ್ತದೆ. ಕಾಲು ಹುದುಗಿ ಅದೇ ದೂರಕ್ಕೆ ಹೆಚ್ಚು ಶಕ್ತಿ ವ್ಯಯವಾಗುತ್ತದೆ. ಉಬ್ಬರ-ಇಳಿತಗಳ ವೇಳೆಯು ದಿನಕ್ಕೆ ಸರಾಸರಿ 50 ನಿಮಿಷ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ಇಂದು ಬೆಳಿಗ್ಗೆ 6 ಗಂಟೆಗೆ ಪೂರ್ಣ ಇಳಿತವಿದ್ದರೆ, ಒಂದು ವಾರದ ನಂತರ ಅದೇ ವೇಳೆಗೆ ಹೆಚ್ಚುಕಡಿಮೆ ಪೂರ್ಣ ಉಬ್ಬರವಿರುತ್ತದೆ.

ಇದನ್ನು ಬರೆಯದ ಓಟಗಾರನು ವಾರದೊಳಗೆ ತನ್ನ ಸಮಯ ಹೆಚ್ಚಿದ್ದನ್ನು ಕಂಡು, ಶಕ್ತಿ ಕುಂದಿತೆಂದು ಭಾವಿಸಿ ಅತಿಯಾಗಿ ಅಭ್ಯಾಸ ಮಾಡಿ ಗಾಯಗೊಳ್ಳುವ ಸಂಭವವಿದೆ. ಅಥವಾ ಎದೆಗುಂದಿ ಅಭ್ಯಾಸವನ್ನೇ ಕೈಬಿಡಬಹುದು. ವಾಸ್ತವದಲ್ಲಿ ಬದಲಾದದ್ದು ಕಾಲಡಿಯ ನೆಲ ಮಾತ್ರ.

ಉಬ್ಬರ-ಇಳಿತಗಳು ಚಂದ್ರನ ಗತಿಯನ್ನು ಅನುಸರಿಸುವುದರಿಂದ ಗೋಡೆಯ ಕ್ಯಾಲೆಂಡರಿನ ತಿಥಿಯನ್ನು ಬರೆದುಕೊಳ್ಳುವುದು ಉಪಯುಕ್ತ. ಶುಕ್ಲ ಪಂಚಮಿಯ ಓಟವನ್ನು ಕೃಷ್ಣ ಪಂಚಮಿಯ ಅದೇ ವೇಳೆಯ ಓಟದೊಂದಿಗೆ ಹೋಲಿಸಿದರೆ ನೆಲದ ಸ್ಥಿತಿ ಸುಮಾರಾಗಿ ಒಂದೇ ಇರುತ್ತದೆ. ಜೊತೆಗೆ ‘ಗಟ್ಟಿ’ ಅಥವಾ ‘ಸಡಿಲ’ ಎಂಬ ಒಂದು ಪದವನ್ನೂ ಬರೆಯತಕ್ಕದ್ದು. ಮುಂಗಾರಿನ ತಿಂಗಳುಗಳಲ್ಲಿ ತೀರದ ಓಟ ಅಪಾಯಕರವಾದ್ದರಿಂದ ರಸ್ತೆ, ಶಾಲಾ ಆವರಣ ಅಥವಾ ಒಳಾಂಗಣದ ಅಭ್ಯಾಸಕ್ಕೆ ಪ್ರತ್ಯೇಕ ಪುಟಗಳನ್ನಿಡುವುದು ಒಳ್ಳೆಯದು.

ಒಂದು ಉದಾಹರಣೆ

ಕರ್ನಾಟಕ ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿ ಅಧಿಸೂಚನೆಗಳಲ್ಲಿ ಪುರುಷರಿಗೆ 1600 ಮೀಟರ್ ಓಟಕ್ಕೆ 6 ನಿಮಿಷ 30 ಸೆಕೆಂಡ್ ಮಿತಿ ನಿಗದಿಯಾಗಿರುತ್ತದೆ. ಅಭ್ಯರ್ಥಿಗಳು ಆಯಾ ವರ್ಷದ ಅಧಿಸೂಚನೆಯನ್ನು ಪರಿಶೀಲಿಸತಕ್ಕದ್ದು. ತೀರದಲ್ಲಿ ಹಗ್ಗದಿಂದ 200 ಮೀಟರ್ ಅಳೆದು ಎರಡು ಕೋಲು ನೆಟ್ಟರೆ, ಹೋಗಿ ಬರುವ ಒಂದು ಸುತ್ತು 400 ಮೀಟರ್ ಆಗುತ್ತದೆ. ತಿಳಿವಳಿಕೆಗಾಗಿ ಕಲ್ಪಿಸಿದ ಎರಡು ನಮೂದುಗಳು ಹೀಗಿವೆ.

ಮೊದಲ ದಿನ: 88, 96, 104, 102 ಸೆಕೆಂಡ್, ಒಟ್ಟು 390. ಶ್ರಮದ ಅಂಕ 9.
ಹದಿನೈದನೆಯ ದಿನ: 95, 98, 99, 96 ಸೆಕೆಂಡ್, ಒಟ್ಟು 388. ಶ್ರಮದ ಅಂಕ 7.

ಒಟ್ಟು ಸಮಯದಲ್ಲಿ ಎರಡೇ ಸೆಕೆಂಡುಗಳ ವ್ಯತ್ಯಾಸ. ಆದರೆ ಸುತ್ತುವಾರು ಬರೆದಿದ್ದರಿಂದ ಮೊದಲ ಸುತ್ತಿನ ಆತುರವೇ ಕೊನೆಯ ಸುತ್ತುಗಳ ದಣಿವಿಗೆ ಕಾರಣವೆಂಬುದು ಗೋಚರಿಸುತ್ತದೆ. ಎರಡನೆಯ ಓಟದ ನಂತರ ಶಕ್ತಿ ಇನ್ನೂ ಉಳಿದಿತ್ತೆಂಬುದನ್ನು ಶ್ರಮದ ಅಂಕ ತಿಳಿಸುತ್ತದೆ. ಒಟ್ಟು ಮೊತ್ತವೊಂದನ್ನೇ ಬರೆದಿದ್ದರೆ ಇವೆರಡೂ ತಿಳಿಯುತ್ತಿರಲಿಲ್ಲ.

ವಾರದ ಮತ್ತು ತಿಂಗಳ ಪರಿಶೀಲನೆ

ಅಂಗಡಿಯ ರೋಜು ಕಿರ್ದಿಯಂತೆ ದಿನಚರಿಯನ್ನೂ ಅದೇ ದಿನ ಬರೆಯಬೇಕು. ವಾರದ ಕೊನೆಗೆ ಒಟ್ಟಾಗಿ ಬರೆದ ಲೆಕ್ಕಕ್ಕೆ ಬೆಲೆಯಿಲ್ಲ. ಪ್ರತಿ ಭಾನುವಾರ ವಾರದ ಹೊರೆಯನ್ನು ಕೂಡಿ ಹಿಂದಿನ ವಾರದೊಂದಿಗೆ ಹೋಲಿಸಬೇಕು. ಹೊರೆ ಒಮ್ಮೆಲೇ ಏರಿದ್ದು, ನಾಡಿಬಡಿತ ವಾಡಿಕೆಗಿಂತ ಹೆಚ್ಚಾಗಿ, ನಿದ್ರೆ ಕಡಿಮೆಯಾಗಿದ್ದರೆ ವಿಶ್ರಾಂತಿ ಅಗತ್ಯ. ಒಂದೇ ಜಾಗದ ನೋವು ಪದೇ ಪದೇ ನಮೂದಾಗಿದ್ದರೆ ದಿನಚರಿಯೊಂದಿಗೆ ವೈದ್ಯರನ್ನು ಕಾಣಬೇಕು. ತಿಂಗಳ ಕೊನೆಗೆ ಸುಧಾರಿಸಿದ್ದು, ಸುಧಾರಿಸದಿದ್ದು, ಮುಂದಿನ ತಿಂಗಳ ಒಂದು ಗುರಿ ಎಂಬ ಮೂರು ಸಾಲುಗಳನ್ನು ಬರೆದರೆ ಸಾಕು.

ಎಚ್ಚರಿಕೆ

ಬೋಸ್ಟನ್ ಮ್ಯಾರಥಾನಿನ 1970ರ ವಿಜೇತ, ಇಂಗ್ಲೆಂಡಿನ ರಾನ್ ಹಿಲ್ 1964ರ ಡಿಸೆಂಬರ್‌ನಿಂದ 2017ರ ಜನವರಿಯವರೆಗೆ ಒಂದು ದಿನವೂ ತಪ್ಪದೆ ಓಡಿ ಅದನ್ನು ದಾಖಲಿಸಿಟ್ಟರು. ಕಾಲಿನ ಶಸ್ತ್ರಚಿಕಿತ್ಸೆಯ ನಂತರ ಊರುಗೋಲಿನ ಆಸರೆಯಲ್ಲಿಯೂ ಅವರು ದೂರ ಕ್ರಮಿಸಿದರು. ಅವರ ಶಿಸ್ತು ಶ್ಲಾಘನೀಯವಾದರೂ ಪುಟ ತುಂಬಿಸುವ ಸಲುವಾಗಿ ಗಾಯದಲ್ಲಿ ಓಡುವುದು ಅನುಕರಣೀಯವಲ್ಲ. ‘ಇಂದು ವಿಶ್ರಾಂತಿ’ ಎಂಬುದೂ ಪೂರ್ಣ ಪ್ರಮಾಣದ ನಮೂದೇ ಆಗಿದೆ. ಪಾಲಕರು ಮತ್ತು ಶಿಕ್ಷಕರು ದಿನಚರಿಯ ಅಂಕಿಗಳನ್ನು ಗದರಿಕೆಗೆ ಬಳಸಬಾರದು. ಗದರಿಕೆಯ ಭಯದಲ್ಲಿ ಬರೆದ ಅಂಕಿಗಳು ಸತ್ಯವಾಗಿರುವುದಿಲ್ಲ.

ಉಪಯೋಗ

ಹಳ್ಳಿಯ ಶಾಲೆಯಿಂದ ಕ್ರೀಡಾ ವಸತಿ ನಿಲಯಕ್ಕೆ ಅಥವಾ ಬೇರೆ ಊರಿನ ಕಾಲೇಜಿಗೆ ಸೇರುವ ವಿದ್ಯಾರ್ಥಿಯ ಹಿಂದಿನ ಅಭ್ಯಾಸವನ್ನು ಹೊಸ ತರಬೇತುದಾರರು ಬಲ್ಲವರಲ್ಲ. ಎರಡು ವರ್ಷಗಳ ದಿನಚರಿ ಕೈಯಲ್ಲಿದ್ದರೆ ವಿದ್ಯಾರ್ಥಿಯ ಸಾಮರ್ಥ್ಯ, ಗಾಯಗಳು, ಹೊರೆ ತಾಳುವ ಮಿತಿ ಇವೆಲ್ಲವೂ ಮೊದಲ ದಿನವೇ ತಿಳಿಯುತ್ತವೆ ಮತ್ತು ಆತನ ಶ್ರಮ ಮತ್ತೆ ಮೊದಲಿನಿಂದ ಆರಂಭವಾಗುವುದಿಲ್ಲ.

ಆಸಕ್ತ ಕ್ರೀಡಾಪಟುಗಳು ಹೆಚ್ಚಿನ ಮಾರ್ಗದರ್ಶನಕ್ಕಾಗಿ ತಮ್ಮ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರನ್ನು ಅಥವಾ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.