ದಾಳದ ಆಟದಲ್ಲಿ ದಿಗ್ಬಂಧನ

ದಿಗ್ಬಂಧನವೆಂದರೆ ಏನೆಂದು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಮಂತ್ರದಿಂದ ಎಂಟು ದಿಕ್ಕುಗಳನ್ನು ಕಟ್ಟಿ, ಕೆಡುಕು ಒಳಗೆ ಬಾರದಂತೆ ಮಾಡುವುದು. ಇಂಥದೇ ಕಲ್ಪನೆಯನ್ನು ಕೂಡುವ ಕಳೆಯುವ ಲೆಕ್ಕಕ್ಕೆ ಇಳಿಸಿದ ಆಟವೊಂದು ಅಮೆರಿಕದಲ್ಲಿ ಹುಟ್ಟಿ ಐವತ್ತು ವರ್ಷಗಳು ಕಳೆದಿವೆ. ಈಗ ನಮ್ಮ ಮಹಾನಗರಗಳ ತರುಣರೂ ಅದನ್ನು ಆಡುತ್ತಾರೆ. ಮಕ್ಕಳು ಮೇಜಿನ ಸುತ್ತ ಕುಳಿತು ಮಂತ್ರ, ಭೂತ ಎಂದು ಮಾತಾಡುವುದನ್ನು ಕೇಳಿ ಗಾಬರಿಯಾಗುವ ಹಿರಿಯರಿಗಾಗಿ ಈ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಯಸುತ್ತೇವೆ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಮೂರು ಪುಟ್ಟ ಪುಸ್ತಿಕೆಗಳಾಗಿ ಹೊರಬಂದಿತು. ಒಬ್ಬ ಸೂತ್ರಧಾರ ಕಥೆ ನಡೆಸುತ್ತಾನೆ. ಉಳಿದವರು ಯೋಧ, ಮಾಂತ್ರಿಕ, ಪುರೋಹಿತ ಮುಂತಾದ ಪಾತ್ರ ವಹಿಸುತ್ತಾರೆ. ಏಟು ತಗಲಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ನಿರ್ಧರಿಸುತ್ತದೆ. ಆಡುವವರು ಪಠಿಸಬೇಕಾದ ಮಂತ್ರ ಯಾವುದೂ ಇಲ್ಲ. ಮಂತ್ರದ ಹೆಸರು ಹೇಳಿ, ನಿಯಮದಂತೆ ಅಂಕಿ ಬದಲಿಸಿಕೊಂಡರೆ ಆಯಿತು.

ಆ ಮೊದಲ ಪುಸ್ತಿಕೆಗಳಲ್ಲೇ 'ಪ್ರೊಟೆಕ್ಷನ್ ಫ್ರಮ್ ಈವಿಲ್', ಅಂದರೆ ದುಷ್ಟರಿಂದ ರಕ್ಷಣೆ ಎಂಬ ಮಂತ್ರವಿತ್ತು. ಅದು ಮಾಂತ್ರಿಕನ ಸುತ್ತ ವೃತ್ತವೊಂದನ್ನು ಕಟ್ಟಿ ಮಾಯಾಜೀವಿಗಳ ಆಕ್ರಮಣವನ್ನು ತಡೆಯುತ್ತದೆ. ಉಳಿದ ದುಷ್ಟರ ದಾಳದಿಂದ ಒಂದನ್ನು ಕಳೆಯಬೇಕು. ಇಪ್ಪತ್ತರಲ್ಲಿ ಒಂದು, ಅಂದರೆ ಶೇಕಡ 5 ಮಾತ್ರ! 1978ರ 'ಪ್ಲೇಯರ್ಸ್ ಹ್ಯಾಂಡ್‌ಬುಕ್' ಇದನ್ನು ಎರಡಕ್ಕೆ, ಅಂದರೆ ಶೇಕಡ 10ಕ್ಕೆ ಏರಿಸಿತು.

ಇಷ್ಟು ಜಿಪುಣತನವೇಕೆ? ಒಡೆಯಲಾರದ ಗೋಡೆ ಎದ್ದರೆ ಆಟ ಅಲ್ಲಿಗೇ ಮುಗಿಯುತ್ತದೆ. ಆದಕಾರಣ ಪ್ರತಿಯೊಂದು ರಕ್ಷಣೆಗೂ ಒಂದು ಮಿತಿ ಇದೆ. ಮೊದಲನೆಯದು ಸಂಖ್ಯೆಯ ಮಿತಿ. ಜಾಕ್ ವ್ಯಾನ್ಸ್ ಎಂಬ ಕಾದಂಬರಿಕಾರರಿಂದ ಬಂದ ಪದ್ಧತಿಯಂತೆ, ಕಂಠಪಾಠ ಮಾಡಿದ ಮಂತ್ರವು ಒಮ್ಮೆ ಪ್ರಯೋಗಿಸಿದೊಡನೆ ಮನಸ್ಸಿನಿಂದ ಅಳಿಸಿಹೋಗುತ್ತಿತ್ತು. ನಮ್ಮ ಕ್ಯಾಜುಯಲ್ ಲೀವ್ ಇದ್ದಂತೆ. ಬಳಸಿದರೆ ಖಾತೆಯಲ್ಲಿ ಒಂದು ಕಡಿಮೆ.

ಎರಡನೆಯದು ದಿಕ್ಕಿನ ಮಿತಿ. 1975ರ 'ಗ್ರೇಹಾಕ್' ಎಂಬ ಅನುಬಂಧದಲ್ಲಿ ಬಂದ 'ಶೀಲ್ಡ್' ಮಂತ್ರವು 1978ರ ನಿಯಮದಂತೆ ಮುಂದಿನಿಂದ ಬರುವ ಏಟನ್ನಷ್ಟೇ ತಡೆಯುತ್ತಿತ್ತು, ಬೆನ್ನು ಬಯಲು. ಮೂರನೆಯದು ಕಾಲದ ಮಿತಿ. 2014ರ ಐದನೆಯ ಆವೃತ್ತಿಯಲ್ಲಿ ಇದೇ ಶೀಲ್ಡ್, ಏಟು ಬಿದ್ದ ಗಳಿಗೆಯಲ್ಲೇ ಎದ್ದು ರಕ್ಷಣೆಗೆ ಐದು ಅಂಕ ಕೂಡಿಸಿ, ತನ್ನ ಮುಂದಿನ ಸರದಿ ಬರುವಷ್ಟರಲ್ಲಿ ಮಾಯವಾಗುತ್ತದೆ. 'ಗ್ಲೋಬ್ ಆಫ್ ಇನ್‌ವಲ್ನರಬಿಲಿಟಿ' ಎಂಬ ಗೋಲವು ಕೆಳದರ್ಜೆಯ ಮಂತ್ರಗಳನ್ನು ಮಾತ್ರ ತಡೆಯುತ್ತದೆ. ಕತ್ತಿ, ಬಾಣಗಳಿಗೆ ಅದರೊಳಗೆ ದಾರಿ ಉಂಟು.

ಅತ್ಯಂತ ಸ್ವಾರಸ್ಯಕರವಾದದ್ದು ನಾಲ್ಕನೆಯ ಮಿತಿ. 'ಸ್ಯಾಂಕ್ಚುಯರಿ' ಎಂಬ ಅಭಯಮಂತ್ರದ ಆಶ್ರಯದಲ್ಲಿರುವ ಪುರೋಹಿತನು ತಾನೇ ಕೈಯೆತ್ತಿದರೆ ಅಭಯ ಅಲ್ಲಿಗೆ ಮುಗಿಯಿತು. 1989ರ ಎರಡನೆಯ ಆವೃತ್ತಿಯು ದುಷ್ಟರಿಂದ ರಕ್ಷಣೆಯ ವೃತ್ತಕ್ಕೂ ಇಂಥದೇ ನಿಯಮ ಹೇಳಿತು: ತಡೆಯಲ್ಪಟ್ಟ ಜೀವಿಯ ಮೇಲೆ ಒಳಗಿದ್ದವನು ಏರಿಹೋದರೆ ಅದನ್ನು ದೂರವಿಟ್ಟ ತಡೆ ಉಳಿಯುವುದಿಲ್ಲ. ಇಲ್ಲಿ ನಮಗೆ ಲಕ್ಷ್ಮಣರೇಖೆ ನೆನಪಾಗದಿರದು. ವಾಲ್ಮೀಕಿಯ ಮೂಲದಲ್ಲಿ ಆ ರೇಖೆ ಇಲ್ಲದಿದ್ದರೂ ಜನರ ಬಾಯಲ್ಲಿರುವ ಕಥೆಯಲ್ಲಿ ರಾವಣ ಅದನ್ನು ದಾಟಲಾರ. ಒಳಗಿದ್ದ ಸೀತೆಯೇ ಭಿಕ್ಷೆ ನೀಡಲು ದಾಟಬೇಕಾಯಿತು. ಒಬ್ಬರಿಂದ ಒಬ್ಬರು ಎರವಲು ಪಡೆದರೆಂದು ನಾವು ಹೇಳುತ್ತಿಲ್ಲ. ಕಾವಲಿನ ಬಗ್ಗೆ ಯೋಚಿಸಿದವರಿಗೆ ಎರಡು ಕಡೆಯೂ ಹೊಳೆದದ್ದು ಒಂದೇ.

ಅಮೆರಿಕದ ತಂದೆತಾಯಿಗಳೂ ಒಂದು ಕಾಲಕ್ಕೆ ಈ ಆಟಕ್ಕೆ ಹೆದರಿದ್ದರು. ಇದು ನಿಜವಾದ ವಾಮಾಚಾರವೆಂಬ ಕೂಗು 1980ರ ದಶಕದಲ್ಲಿ ಜೋರಾಗಿತ್ತು. ಆಟವನ್ನು ವಿರೋಧಿಸಲೆಂದೇ 1983ರಲ್ಲಿ ಒಂದು ಸಂಘವೂ ಹುಟ್ಟಿತು. 1989ರಲ್ಲಿ ಪ್ರಕಾಶಕರು 'ಡೆಮನ್', 'ಡೆವಿಲ್' ಎಂಬ ಹೆಸರುಗಳನ್ನು ಕೈಬಿಟ್ಟರು. 2000ದ ಮೂರನೆಯ ಆವೃತ್ತಿಯಲ್ಲಿ ಅವು ಮರಳಿ ಬಂದವು. ರಕ್ಷಾಮಂತ್ರಗಳು ಮಾತ್ರ ಇಷ್ಟೆಲ್ಲದರ ನಡುವೆಯೂ ಉಳಿದುಕೊಂಡವು.

ಮನೆಯಲ್ಲಿ ಮಕ್ಕಳು ಈ ಆಟ ಆಡುತ್ತಿದ್ದರೆ ಗದರಿಸುವ ಮೊದಲು ಪಕ್ಕದಲ್ಲಿ ಕುಳಿತು ಕೇಳಬಹುದು: 'ನಿನ್ನ ರಕ್ಷಣೆ ಎಷ್ಟು ಹೊತ್ತಿನದು? ಯಾವ ದಿಕ್ಕಿಗೆ? ಏನು ಮಾಡಿದರೆ ಮುರಿಯುತ್ತದೆ?' ಉತ್ತರ ಹೇಳುತ್ತ ಹೇಳುತ್ತ ಅವರು ನಮಗೂ ಒಂದು ಕುರ್ಚಿ ಎಳೆದುಕೊಟ್ಟಾರು.