ಗದ್ದಲದ ನಡುವೆ ಗೂಢವಾಣಿ

ಮಾತನ್ನು ಗೂಢವಾಗಿ ಕಳುಹಿಸುವ ವಿದ್ಯೆಯು ಬಹು ಪ್ರಾಚೀನವಾದುದು. ಆದರೆ ಯಂತ್ರವೇ ಮಾತನ್ನು ಸಂಕೇತಗಳಾಗಿ ಮಾರ್ಪಡಿಸಿ, ದೂರದಲ್ಲಿ ಮರಳಿ ಮಾತನ್ನಾಗಿಸುವುದು ಇಪ್ಪತ್ತನೆಯ ಶತಮಾನದ ಸಾಧನೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹೋಮರ್ ಡಡ್ಲಿ ಎಂಬವರು 1930ರ ದಶಕದಲ್ಲಿ ನಿರ್ಮಿಸಿದ ವೋಕೋಡರ್ ಯಂತ್ರವೇ ಇದಕ್ಕೆ ಮೂಲ. ಧ್ವನಿಯ ಅಲೆಯನ್ನು ಕಳುಹಿಸದೆ ಅದರ ಲಕ್ಷಣಗಳನ್ನು ಮಾತ್ರ ಕಳುಹಿಸುವುದು ಇದರ ಮರ್ಮ. ಕಂಠವು ನಾದಗೈಯುತ್ತಿದೆಯೆ, ಅದರ ಸ್ಥಾಯಿ ಯಾವುದು, ಬಾಯಿಯ ಆಕಾರದಿಂದ ನಾದಕ್ಕೆ ಒದಗಿದ ರೂಪವೇನು, ಇವಿಷ್ಟು ತಿಳಿದರೆ ದೂರದ ಯಂತ್ರವು ಮಾತನ್ನು ಪುನಃ ಕಟ್ಟಬಲ್ಲುದು.

1943ನೆಯ ಜುಲೈ 15ರಂದು ಲಂಡನ್, ವಾಷಿಂಗ್ಟನ್ ನಗರಗಳ ನಡುವೆ ಇದೇ ತತ್ತ್ವದ ‘ಸಿಗ್‌ಸ್ಯಾಲಿ’ ಎಂಬ ಗೂಢ ದೂರವಾಣಿಯು ಆರಂಭವಾಯಿತು. ಒಂದೊಂದು ನಿಲ್ದಾಣದ ಯಂತ್ರವೂ 50 ಟನ್ನಿಗೆ ಮಿಗಿಲಾದ ಭಾರವುಳ್ಳದ್ದು. ಧ್ವನಿಮುದ್ರಿಕೆಯಲ್ಲಿ ತುಂಬಿಟ್ಟ ಅರ್ಥಹೀನ ಗದ್ದಲವೇ ಅದರ ಬೀಗದ ಕೈ. ಅಲ್ಲಿ ಗದ್ದಲವು ಮಾತಿಗೆ ಕಾವಲುಗಾರನಾಗಿತ್ತು.

ಮುಂದೆ ಯಂತ್ರಗಳು ಕಿರಿದಾಗಿ ಟ್ಯಾಂಕನ್ನೂ ಹೆಲಿಕಾಪ್ಟರನ್ನೂ ಏರಿದಾಗ ಗದ್ದಲವೇ ಹಗೆಯಾಯಿತು. ಹಿಂದಿನ ಧ್ವನಿಯಿಂದ ಮುಂದಿನದನ್ನು ಊಹಿಸುವ ಗಣಿತವನ್ನು ಬೆಳೆಸಿದವರಲ್ಲಿ ಬಿಷ್ಣು ಅಟಲರು ಪ್ರಮುಖರು. ಇವರು 1957ರಿಂದ 1960ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಉಪನ್ಯಾಸಕರಾಗಿದ್ದವರು. ಅಂತಹ ಗಣಿತವನ್ನು ಆಶ್ರಯಿಸಿ 1984ರಲ್ಲಿ ಅಮೆರಿಕದ ಸರ್ಕಾರವು ಅಂಗೀಕರಿಸಿದ ಎಲ್‌ಪಿಸಿ-10 ಎಂಬ ಕ್ರಮವು ಮಾತನ್ನು ಸೆಕೆಂಡಿಗೆ 2,400 ಸೊನ್ನೆ-ಒಂದುಗಳಲ್ಲಿ ಅಡಕಗೊಳಿಸಿತು.

ನಮ್ಮ ವೈಯಾಕರಣರು ವರ್ಣಗಳನ್ನು ಘೋಷ, ಅಘೋಷವೆಂದು ವಿಂಗಡಿಸಿರುವರಷ್ಟೆ. ಈ ಯಂತ್ರವೂ ಕ್ಷಣಕ್ಷಣದ ಧ್ವನಿಗೆ ಘೋಷವೋ ಅಘೋಷವೋ ಎಂದು ಒಂದೇ ತೀರ್ಪನ್ನು ಕೊಡುತ್ತಿತ್ತು. ಎಂಜಿನ್ನಿನ ಮೊರೆತವು ಬೆರೆತೊಡನೆ ತೀರ್ಪು ತಪ್ಪುತ್ತಿತ್ತು; ಸ್ವರವು ಬುಸುಗುಟ್ಟುವುದು, ಸಕಾರವು ಝೇಂಕರಿಸುವುದು. ರಣರಂಗದಲ್ಲಿ ಒಂದು ಸಂಖ್ಯೆಯೋ ಸ್ಥಳನಾಮವೋ ಕೆಟ್ಟು ಕೇಳಿಸಿದರೆ ಪ್ರಾಣಗಳಿಗೇ ಅಪಾಯವಲ್ಲವೆ?

ಜಾರ್ಜಿಯಾ ತಾಂತ್ರಿಕ ವಿದ್ಯಾಲಯದ ಅಲನ್ ಮೆಕ್ರೀ, ಥಾಮಸ್ ಬಾರ್ನ್‌ವೆಲ್ ಇವರು ಪರಿಹಾರವನ್ನು ಮಾತಿನ ಸ್ವರೂಪದಲ್ಲಿಯೇ ಅರಸಿದರು. ನಿಜವಾದ ಮಾತಿನಲ್ಲಿ ನಾದವೂ ಉಸಿರೂ ಕೂಡಿಯೇ ಇರುತ್ತವೆ. ಆದುದರಿಂದ ಧ್ವನಿಯನ್ನು ಐದು ಪಟ್ಟಿಗಳಾಗಿ ಸೀಳಿ, ಒಂದೊಂದಕ್ಕೂ ಬೇರೆ ಬೇರೆ ತೀರ್ಪು ಕೊಡುವ ಕ್ರಮವು ಏರ್ಪಟ್ಟಿತು. ‘ಮೆಲ್ಪ್’ ಎಂಬ ಈ ಕ್ರಮವನ್ನು 1996ರಲ್ಲಿ ಅಮೆರಿಕವು ಆಯ್ದುಕೊಂಡಿತು. ಗದ್ದಲವನ್ನು ಮೊದಲೇ ತಗ್ಗಿಸುವ ಶೋಧಕವೊಂದನ್ನು ಸೇರಿಸಿದ ಅದರ ಪರಿಷ್ಕೃತ ರೂಪವು ಅನಂತರ ನೇಟೋ ರಾಷ್ಟ್ರಗಳಿಗೂ ಮಾನ್ಯವಾಯಿತು.

ಸಂಕೇತಗಳು ಸೆಕೆಂಡಿಗೆ 2,400 ಆಗಿಯೇ ಉಳಿದವೆಂಬುದನ್ನು ವಾಚಕರು ಗಮನಿಸಬೇಕು. ವರ್ಣೋತ್ಪತ್ತಿಯ ವಿಚಾರವು ಪಾಠಶಾಲೆಯ ವ್ಯಾಕರಣಕ್ಕೆ ಮಾತ್ರ ಸೇರಿದ್ದೆಂದು ಭಾವಿಸುವವರಿಗೆ ಈ ಚರಿತ್ರೆಯೇ ಉತ್ತರ.